ಕೂಂಬ್ಸ್ ಪರೀಕ್ಷೆ, ಬಾಂಬೆ ಗುಂಪು



ನಮ್ಮವರೊಬ್ಬರು ಆಸ್ಪತ್ರೆಯಲ್ಲಿ ಮಲಗಿದ್ದಾರೆ. ವೈದ್ಯರು ರಕ್ತಕ್ಕೆ ಚೀಟಿ ಬರೆದುಕೊಟ್ಟಿದ್ದಾರೆ. ಬ್ಲಡ್ ಬ್ಯಾಂಕಿಗೆ ಓಡಿದರೆ ಅಲ್ಲಿಯವರು ‘ಸ್ವಲ್ಪ ಕಾಯಿರಿ’ ಎನ್ನುತ್ತಾರೆ. ಗುಂಪು ಗೊತ್ತಿದೆ, ರಕ್ತವೂ ಇದೆ, ಮತ್ತೆ ಕಾಯುವುದೇಕೆ ಎಂದು ನಮಗೆ ಸಿಟ್ಟು. ಆ ಹೊತ್ತಿನಲ್ಲಿ ಒಳಗೆ ಸಾಮಾನ್ಯವಾಗಿ ನಡೆಯುವ ಪರೀಕ್ಷೆಗಳಲ್ಲಿ ಒಂದಕ್ಕೆ ಕೂಂಬ್ಸ್ ಪರೀಕ್ಷೆಯೆಂದು ಹೆಸರು. ಇಂಥ ಹೆಸರುಗಳು ಎಲ್ಲಿಂದ ಬಂದವೆಂಬುದೇ ಇಂದಿನ ನನ್ನ ವಿಷಯ.

ರಾಬಿನ್ ಕೂಂಬ್ಸ್ ಓದಿದ್ದು ಪಶುವೈದ್ಯ. ಎರಡನೆಯ ಮಹಾಯುದ್ಧದ ಕಾಲಕ್ಕೆ ಅವರು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿದ್ದರು. ಆಗ ಒಂದು ತೊಡಕಿತ್ತು. ಹೊಂದದ ರಕ್ತಗಳು ಸೇರಿದರೆ ಕೆಂಪು ಕಣಗಳು ಉಂಡೆಗಟ್ಟುತ್ತವೆ. ಅದು ಕಣ್ಣಿಗೆ ಕಾಣುತ್ತದೆ. ಆದರೆ ಕೆಲವು ಪ್ರತಿಕಾಯಗಳು ಕಣಕ್ಕೆ ಅಂಟಿಕೊಂಡು ಸುಮ್ಮನೆ ಕುಳಿತುಬಿಡುತ್ತವೆ. ಗಾಜಿನ ನಳಿಗೆಯಲ್ಲಿ ಏನೂ ಕಾಣದು. ರೋಗಿಯ ಮೈಯಲ್ಲಿ ಮಾತ್ರ ಕಣಗಳು ನಾಶವಾಗುತ್ತವೆ.

ಲಂಡನ್ನಿನಿಂದ ಮರಳುವ ರೈಲಿನಲ್ಲಿ, ಮಂದ ಬೆಳಕಿನ ಡಬ್ಬಿಯಲ್ಲಿ ಕುಳಿತಿದ್ದಾಗ ಉಪಾಯ ಹೊಳೆಯಿತಂತೆ. ಪ್ರತಿಕಾಯವೂ ಗ್ಲಾಬ್ಯುಲಿನ್ ಎಂಬ ಪ್ರೋಟೀನೇ ತಾನೆ? ಮನುಷ್ಯರ ಗ್ಲಾಬ್ಯುಲಿನನ್ನು ಮೊಲಕ್ಕೆ ಚುಚ್ಚಿದರೆ ಅದರ ರಕ್ತದಲ್ಲಿ ಎದುರಾಳಿ ಹುಟ್ಟುತ್ತದೆ. ಆ ಮೊಲದ ಸೀರಮನ್ನು ತೊಳೆದ ಕಣಗಳ ಮೇಲೆ ಹಾಕಿದರೆ, ಅಡಗಿದ್ದ ಪ್ರತಿಕಾಯಗಳನ್ನು ಅದು ಒಂದಕ್ಕೊಂದು ಜೋಡಿಸುತ್ತದೆ. ಉಂಡೆ ಕಣ್ಣಿಗೆ ಬೀಳುತ್ತದೆ.

1945ರಲ್ಲಿ ಇದನ್ನು ಪ್ರಕಟಿಸಿದವರು ಮೂವರು: ಕೂಂಬ್ಸ್, ಆರ್ಥರ್ ಮೂರಂಟ್, ರಾಬರ್ಟ್ ರೇಸ್. ಜನರ ಬಾಯಲ್ಲಿ ಉಳಿದದ್ದು ಮೊದಲನೆಯ ಹೆಸರೊಂದೇ. ಇಟಲಿಯ ಕಾರ್ಲೊ ಮೊರೆಸ್ಕಿ ಇದೇ ತತ್ತ್ವವನ್ನು 1908ರಲ್ಲೇ ಬರೆದಿಟ್ಟಿದ್ದರು. ಪಾಪ, ಅವರನ್ನು ಕೇಳುವವರಿರಲಿಲ್ಲ. ಪುಸ್ತಕಗಳಲ್ಲಿ ಆಂಟಿಗ್ಲಾಬ್ಯುಲಿನ್ ಪರೀಕ್ಷೆ ಎಂದಿರುತ್ತದೆ. ಈ ನಾಲಿಗೆ ತಿರುಚುವ ಹೆಸರಿಗಿಂತ ಕೂಂಬ್ಸ್ ಎನ್ನುವುದೇ ಸುಲಭವಾಯಿತೆಂದು ಕಾಣುತ್ತದೆ.

ಪರೀಕ್ಷೆಗೆ ವಿಜ್ಞಾನಿಯ ಹೆಸರು ಬಂದರೆ, ಅದರಿಂದ ಪತ್ತೆಯಾದ ಗುಂಪುಗಳಿಗೆ ರೋಗಿಗಳ ಹೆಸರೂ ಬಂತು. 1946ರ ‘ಕೆಲ್’ ಒಬ್ಬ ತಾಯಿಯ ಮನೆತನದ ಹೆಸರಿನ ಮೊಟಕು. 1950ರ ‘ಡಫಿ’ ಒಬ್ಬ ರೋಗಿಯ ಹೆಸರು.

ಊರಿನ ಹೆಸರು ಬಂದದ್ದು ನಮ್ಮ ದೇಶದಿಂದ. 1952ರಲ್ಲಿ ಮುಂಬಯಿಯ ಡಾ. ವೈ. ಎಂ. ಭೇಂಡೆ ಮತ್ತು ಜೊತೆಗಾರರು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಹೊಸದೊಂದು ಗುಂಪನ್ನು ವರ್ಣಿಸಿದರು. ಆ ಲೇಖನಕ್ಕೆ ಸಹಿ ಹಾಕಿದವರಲ್ಲಿ ಮೇಲೆ ಹೇಳಿದ ರೇಸ್ ಅವರೂ ಒಬ್ಬರು. ಎ ಮತ್ತು ಬಿ ತಯಾರಾಗಲು ಬೇಕಾದ ‘ಎಚ್’ ಎಂಬ ಅಡಿಪಾಯವೇ ಇವರ ಕಣಗಳಲ್ಲಿಲ್ಲ. ಆದ್ದರಿಂದ ಎ ಇಲ್ಲ, ಬಿ ಇಲ್ಲ. ಬರಿಯ ಕಣಗಳನ್ನು ನೋಡಿದವರು ‘ಓ’ ಎಂದು ಬರೆದುಬಿಡುತ್ತಾರೆ. ಅಪಾಯವಿರುವುದು ಅಲ್ಲೇ. ಓ ರಕ್ತದಲ್ಲಿ ಎಚ್ ಎಲ್ಲಕ್ಕಿಂತ ಹೆಚ್ಚು, ಇವರ ಸೀರಮಿನಲ್ಲಿ ಎಚ್‌ಗೆ ಎದುರಾಳಿ ಉಂಟು. ಎಲ್ಲರಿಗೂ ಸಲ್ಲುವುದೆಂದು ನಾವು ನಂಬಿದ ಓ ರಕ್ತ ಇವರ ಪ್ರಾಣಕ್ಕೇ ಕುತ್ತಾಗಬಹುದು. ರೋಗಿಯ ಸೀರಮನ್ನು ಓ ಕಣಗಳೊಡನೆ ಸೇರಿಸಿ ನೋಡಿದಾಗಲೇ ಗುಟ್ಟು ಹೊರಬೀಳುವುದು.

ಮುಂಬಯಿಯಲ್ಲಿ ಸುಮಾರು ಹತ್ತು ಸಾವಿರಕ್ಕೊಬ್ಬರು ಇಂಥವರೆಂದು ಲೆಕ್ಕ. ಹೆಸರು ಬಾಂಬೆ ಎಂದಮಾತ್ರಕ್ಕೆ ಮುಂಬಯಿಯವರಿಗೆ ಮಾತ್ರವೆಂದಲ್ಲ, ಕರ್ನಾಟಕದಲ್ಲೂ ಸಿಕ್ಕಿದ್ದಾರೆ. 1995ರಲ್ಲಿ ನಗರದ ಹೆಸರು ಬದಲಾಯಿತು, ರಕ್ತದ ಹೆಸರು ಹಾಗೇ ಇದೆ. ಇವರು ಪಡೆಯಬಹುದಾದದ್ದು ತಮ್ಮಂಥವರ ರಕ್ತ ಮಾತ್ರ. ಅದು ವಂಶದಿಂದ ಬರುವುದಾದ್ದರಿಂದ ಒಡಹುಟ್ಟಿದವರಲ್ಲಿ ಪ್ರತಿಯೊಬ್ಬರಿಗೂ ಸಾಮಾನ್ಯವಾಗಿ ನಾಲ್ಕರಲ್ಲೊಂದು ಪಾಲು ಸಂಭವವುಂಟು. ನಿಮ್ಮ ಬಳಗದಲ್ಲಿ ಯಾರ ಕಾರ್ಡಿನ ಮೇಲಾದರೂ ಈ ಹೆಸರಿದ್ದರೆ, ಊರಲ್ಲಿರುವ ಅಣ್ಣತಮ್ಮಂದಿರಿಗೂ ಅಕ್ಕತಂಗಿಯರಿಗೂ ಇಂದೇ ತಿಳಿಸಿ, ಪರೀಕ್ಷೆ ಮಾಡಿಸಿಕೊಳ್ಳಲಿ.