ನೋಡುವ ಕಣ್ಣು ನಮ್ಮದಿರಲಿ



ಮೂಡಿಗೆರೆಯ ಕಾಫಿ ತೋಟದಲ್ಲಿದ್ದ ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರಿಗೆ ಛಾಯಾಗ್ರಹಣ ಹೊಟ್ಟೆಪಾಡಾಗಿರಲಿಲ್ಲ. ಆದರೂ ಹಕ್ಕಿಗಳ ಬೆನ್ನು ಹತ್ತಿ ವರ್ಷಗಟ್ಟಲೆ ಕ್ಯಾಮೆರಾ ಹಿಡಿದರು. ಅದು ರೀಲಿನ ಕಾಲ. ಒಂದು ರೀಲಿಗೆ 36 ಚಿತ್ರ. ಹೇಗೆ ಬಂದಿದೆ ಎಂಬುದು ರೀಲು ತೊಳೆದ ಮೇಲೆಯೇ ಗೊತ್ತಾಗುತ್ತಿತ್ತು. ಗುಂಡಿ ಒತ್ತುವ ಮೊದಲು ಕಾಯಬೇಕಿತ್ತು. ಹಕ್ಕಿ ಯಾವ ಕೊಂಬೆಗೆ ಬರುತ್ತದೆ, ಬಿಸಿಲು ಯಾವಾಗ ಅಲ್ಲಿಗೆ ಇಳಿಯುತ್ತದೆ ಎಂದು ತಿಳಿದಿರಬೇಕಿತ್ತು.

ಇಂದು ಎಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ನೂರು ಚಿತ್ರ ತೆಗೆದರೂ ಖರ್ಚಿಲ್ಲ. ಆದರೆ ಹಂಪಿಯ ಕಲ್ಲಿನ ರಥದ ಚಿತ್ರವನ್ನು ಎಲ್ಲರೂ ನಿಂತ ಜಾಗದಲ್ಲೇ ನಿಂತು ತೆಗೆಯುತ್ತೇವೆ. ಜಾಲತಾಣಕ್ಕೆ ಹಾಕಿದ ಮೇಲೆ ಮೆಚ್ಚುಗೆ ಬಂದರೆ ಹಿಗ್ಗುತ್ತೇವೆ, ಬಾರದಿದ್ದರೆ ಕುಗ್ಗುತ್ತೇವೆ.

ಬೆಳಕಿನ ಲೆಕ್ಕ, ಚೌಕಟ್ಟಿನ ಹದ ಕಲಿಯಲೇಬೇಕು. ಬಲ್ಲವರು ತಿದ್ದಿದರೆ ತಿದ್ದಿಕೊಳ್ಳಬೇಕು. ಆದರೆ ಏನನ್ನು ನೋಡಬೇಕು, ಯಾಕೆ ನೋಡಬೇಕು ಎಂಬ ತೀರ್ಮಾನ ನಮ್ಮದೇ ಆಗಿರಬೇಕು. ಜಗಲಿಯಲ್ಲಿ ಅಕ್ಕಿ ಆರಿಸುವ ಅಜ್ಜಿಯ ಬೆರಳು ನಿಮ್ಮ ಮನಸ್ಸನ್ನು ತಡೆದು ನಿಲ್ಲಿಸಿದರೆ, ನಿಮ್ಮ ಚಿತ್ರ ಅಲ್ಲಿದೆ.

ಹವ್ಯಾಸಿ ಛಾಯಾಗ್ರಾಹಕರಿಗೆ ಗಿರಾಕಿಯಿಲ್ಲ, ಗಡುವಿಲ್ಲ. ಆ ಸ್ವಾತಂತ್ರ್ಯವೇ ಅವರ ಆಸ್ತಿ. ಇವತ್ತು ಒಂದೇ ಒಂದು ಚಿತ್ರ ತೆಗೆಯಿರಿ. ಅದಕ್ಕೂ ಮೊದಲು ಹತ್ತು ನಿಮಿಷ ಸುಮ್ಮನೆ ನೋಡಿ.