ತರಂಗಂಬಾಡಿಯಲ್ಲಿ ಒಂದು ಹಗಲು



ಮೈಸೂರಿನಿಂದ ಹೊತ್ತು ಇಳಿಮುಖವಾದ ಮೇಲೆ ಹೊರಟು, ಬೆಂಗಳೂರು, ಈರೋಡುಗಳನ್ನು ಹಾದು, ತಿರುಚಿನಾಪಳ್ಳಿ ತಂಜಾವೂರುಗಳನ್ನು ನಿದ್ದೆಯಲ್ಲಿಯೇ ದಾಟಿಸಿ, ಬೆಳಗಾಗುವ ಹೊತ್ತಿಗೆ ನಮ್ಮನ್ನು ಮಯಿಲಾಡುತುರೈ ಎಂಬ ನಿಲ್ದಾಣದಲ್ಲಿ ಇಳಿಸುವ ರೈಲೊಂದುಂಟು. ಕುಂಭಕೋಣದ ಕಡೆಗೆ ಯಾತ್ರೆ ಹೋಗುವ ನಮ್ಮ ಹಿರಿಯರಿಗೆ ಅದು ಚೆನ್ನಾಗಿ ಪರಿಚಯವಾದದ್ದು. ಅಂದೇ ಸಂಜೆ ಮೈಸೂರಿನ ಕಡೆಗೆ ಹಿಂದಿರುಗುವ ರೈಲೂ ಅಲ್ಲಿ ಸಿಕ್ಕುತ್ತದೆ. ಈ ಎರಡು ರೈಲುಗಳ ನಡುವೆ ನಮಗೆ ಉಳಿಯುವುದು ಒಂದು ಹಗಲು. ಆ ಹಗಲನ್ನು ಎಲ್ಲಿ, ಹೇಗೆ ಕಳೆಯಬಹುದೆಂಬ ವಿಚಾರವಾಗಿ ಈ ದಿವಸ ಕೆಲವು ಮಾತುಗಳನ್ನು ಹೇಳಬೇಕೆಂದಿದ್ದೇನೆ.

ಮಯಿಲಾಡುತುರೈಗೆ ಸುಮಾರು ೩೦ ಕಿಲೋಮೀಟರು ಪೂರ್ವಕ್ಕೆ, ಕಾವೇರಿಯು ನೂರು ಕವಲಾಗಿ ಸಮುದ್ರ ಸೇರುವ ನಾಡಿನಲ್ಲಿ, ತರಂಗಂಬಾಡಿ ಎಂಬ ಊರಿದೆ. ಯೂರೋಪಿನವರು ಅದನ್ನು ಟ್ರಾಂಕ್ವಿಬಾರ್ ಎಂದು ಬರೆದರು. ನಮ್ಮ ದೇಶದಲ್ಲಿ ಪೋರ್ಚುಗೀಸರ, ಡಚ್ಚರ, ಫ್ರೆಂಚರ, ಇಂಗ್ಲಿಷರ ಕುರುಹುಗಳನ್ನು ಕಾಣದವರಿಲ್ಲ. ಆದರೆ ಡೆನ್ಮಾರ್ಕಿನವರೂ ಇಲ್ಲಿ ಬಂದು ನೆಲೆಸಿದ್ದರೆಂದರೆ ಓದು ಬಲ್ಲವರು ಕೂಡ ಹುಬ್ಬೇರಿಸುತ್ತಾರೆ. ೧೬೨೦ರಿಂದ ೧೮೪೫ರವರೆಗೆ, ಅಂದರೆ ೨೨೫ ವರ್ಷಗಳ ಕಾಲ, ನಡುವೆ ಇಂಗ್ಲಿಷರು ಹಿಡಿದಿಟ್ಟುಕೊಂಡ ಕೆಲವು ವರ್ಷಗಳನ್ನು ಬಿಟ್ಟರೆ, ಈ ಸಣ್ಣ ಊರು ಆ ದೂರದ ದೊರೆಯ ಅಧೀನದಲ್ಲಿತ್ತು. ಈಗಲೂ ಅದು ಹಳ್ಳಿಯ ಗಾತ್ರದ್ದೇ. ಒಂದು ಕೊನೆಯಿಂದ ಇನ್ನೊಂದು ಕೊನೆಗೆ ನಡೆದೇ ಹೋಗಬಹುದು.

ಮೊದಲು ಒಂದು ನಿಷೇಧವನ್ನು ಹೇಳಿಬಿಡುತ್ತೇನೆ. ಇಷ್ಟು ದೂರ ಬಂದದ್ದಾಯಿತಲ್ಲ ಎಂದು ನಮ್ಮ ಜನ ಅದೇ ದಿನಕ್ಕೆ ಕಾರೈಕಾಲ್, ನಾಗೂರು, ವೇಲಾಂಗಣ್ಣಿ, ಪೂಂಪುಹಾರ್ ಎಲ್ಲವನ್ನೂ ಪೋಣಿಸಿಕೊಳ್ಳುವುದುಂಟು. ಇದು ಪ್ರವಾಸವಲ್ಲ, ಹಾಜರಿ ಪಟ್ಟಿ. ತರಂಗಂಬಾಡಿಗೆ ಆರು ಗಂಟೆಗಳ ಕಾಲವನ್ನಾದರೂ ಕೊಡಲಾಗದವರು ಅಲ್ಲಿಗೆ ಹೋಗದಿರುವುದೇ ಲೇಸು. ದಾರಿಯಲ್ಲಿಯೇ ತಿರುಕ್ಕಡೈಯೂರು ಸಿಕ್ಕುತ್ತದೆ. ಅಲ್ಲಿ ಷಷ್ಟ್ಯಬ್ದಿಪೂರ್ತಿ ಮಾಡಿಸಿಕೊಳ್ಳುವ ದಂಪತಿಗಳ ಸಂದಣಿ ವರ್ಷವಿಡೀ ಇರುತ್ತದೆ. ದೇವರ ದರ್ಶನವಿಲ್ಲದೆ ಮುಂದೆ ಹೋಗಲು ಮನಸ್ಸೊಪ್ಪದವರು ಅಲ್ಲಿ ಇಳಿಯಲಿ. ಆದರೆ ಒಂಬತ್ತು ಗಂಟೆಯ ಹೊತ್ತಿಗೆ ತರಂಗಂಬಾಡಿಯಲ್ಲಿರತಕ್ಕದ್ದು.

ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಆ ಕರಾವಳಿಯಲ್ಲಿ ಈಶಾನ್ಯದ ಮಳೆ, ಚಂಡಮಾರುತಗಳ ಕಾಲ. ಏಪ್ರಿಲ್, ಮೇ ತಿಂಗಳುಗಳ ಬಿಸಿಲು ನಮ್ಮ ಮೈಸೂರಿನ ಮೈಗೆ ತಡೆಯತಕ್ಕದ್ದಲ್ಲ. ಜನವರಿ, ಫೆಬ್ರವರಿ ಪ್ರಶಸ್ತ. ತಮಿಳುನಾಡು ಸರ್ಕಾರದ ವಸ್ತುಸಂಗ್ರಹಾಲಯಗಳಿಗೆ ಸಾಮಾನ್ಯವಾಗಿ ಶುಕ್ರವಾರ ರಜೆ, ಆದ್ದರಿಂದ ಆ ವಾರವನ್ನು ತಪ್ಪಿಸಬೇಕು. ದುರಸ್ತಿಗಾಗಿ ಕೋಟೆಯನ್ನು ಮುಚ್ಚಿರುವುದೂ ಒಮ್ಮೊಮ್ಮೆ ಉಂಟು, ಮುಂಚೆಯೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಕೊಡೆ, ಕುಡಿಯುವ ನೀರು ಇರಲಿ. ಊಟಕ್ಕೆ ಪಕ್ಕದ ಪೊರೈಯಾರಿನಲ್ಲಿ ಅನುಕೂಲವಿದೆ. ಹಿಂದೆ ಮಯಿಲಾಡುತುರೈಯಿಂದ ತರಂಗಂಬಾಡಿಗೇ ಒಂದು ರೈಲು ಕವಲು ಇತ್ತು. ೧೯೨೬ರಲ್ಲಿ ಹಾಕಿದ ಆ ದಾರಿಯನ್ನು ೧೯೮೬ರಲ್ಲಿ ನಿಲ್ಲಿಸಿದರು. ಈಗ ಬಸ್ಸೇ ಗತಿ, ಇಲ್ಲವೆ ಬಾಡಿಗೆ ಕಾರು.

ಇನ್ನು ಊರಿನೊಳಗೆ ಯಾವುದನ್ನು ಮೊದಲು ನೋಡಬೇಕೆಂಬ ಪ್ರಶ್ನೆ. ಇದು ಸಣ್ಣ ವಿಷಯವೆಂದು ತೋರಬಹುದು. ನಾನು ಮೊದಲ ಸಲ ಹೋದಾಗ ಎಲ್ಲರಂತೆ ನೆಟ್ಟಗೆ ಕೋಟೆಗೆ ಹೋದೆ, ಫಿರಂಗಿಗಳನ್ನು ಮುಟ್ಟಿ ನೋಡಿದೆ, ಎರಡು ಚರ್ಚುಗಳ ಚಿತ್ರ ತೆಗೆದುಕೊಂಡೆ, ಎರಡೇ ಗಂಟೆಯಲ್ಲಿ ಮುಗಿಯಿತೆಂದು ಹೊರಟುಬಂದೆ. ಮನೆಗೆ ಬಂದ ಮೇಲೆ ಯಾರಾದರೂ ಕೇಳಿದರೆ ‘ಪುಟ್ಟದೊಂದು ಡೆನ್ಮಾರ್ಕ್ ಇದ್ದ ಹಾಗಿದೆ’ ಎನ್ನುತ್ತಿದ್ದೆ. ಆ ಮಾತು ಎಷ್ಟು ತಪ್ಪೆಂಬುದು ಎರಡನೆಯ ಸಲ ಹೋದಾಗ ತಿಳಿಯಿತು. ನೋಡುವ ಕ್ರಮವನ್ನು ಬದಲಾಯಿಸಿದರೆ ಊರೇ ಬೇರೆಯಾಗಿ ಕಾಣುತ್ತದೆ.

ಆದ್ದರಿಂದ ನನ್ನ ಸಲಹೆ ಹೀಗಿದೆ. ೧೭೯೨ರಲ್ಲಿ ಕಟ್ಟಿದ ಬಿಳಿಯ ನಗರದ್ವಾರವೊಂದು ನಿಮ್ಮನ್ನು ಎದುರುಗೊಳ್ಳುತ್ತದೆ. ಅದರೊಳಗೆ ಹೊಕ್ಕರೆ ರಾಜಬೀದಿ, ನೇರವಾಗಿ ಸಮುದ್ರದ ಕಡೆಗೆ. ಎಡಬಲಗಳನ್ನು ನೋಡಿದರೂ ನಿಲ್ಲದೆ ದಡದವರೆಗೆ ನಡೆದುಬಿಡಿ. ಅಲ್ಲಿ ನೀರಿನ ಅಂಚಿನಲ್ಲಿ ಮಾಸಿಲಾಮಣಿನಾಥ ಸ್ವಾಮಿಯ ದೇವಾಲಯವಿದೆ. ಮಧ್ಯಾಹ್ನ ಬಾಗಿಲು ಹಾಕುವುದರಿಂದ ಅದನ್ನು ಮೊದಲು ನೋಡುವುದು ಹೇಗೂ ವಿಹಿತ. ಅಲ್ಲಿಯ ಶಾಸನದ ಪ್ರಕಾರ ಮಾರವರ್ಮ ಕುಲಶೇಖರ ಪಾಂಡ್ಯನ ಕಾಲದಲ್ಲಿ, ೧೩೦೬ರಲ್ಲಿ, ಅದು ಕಟ್ಟಲ್ಪಟ್ಟಿತು. ಡೇನರು ಬಂದದ್ದು ಮುನ್ನೂರು ವರ್ಷಗಳ ತರುವಾಯ! ಶತಮಾನಗಳಿಂದ ಸಮುದ್ರವು ಈ ದೇವಾಲಯದ ಮುಂಭಾಗವನ್ನು ಸ್ವಲ್ಪ ಸ್ವಲ್ಪವಾಗಿ ತಿಂದುಹಾಕಿತು. ಈಚಿನ ವರ್ಷಗಳಲ್ಲಿ ಜೀರ್ಣೋದ್ಧಾರವಾಗಿದೆ. ಹೊಸದು ಯಾವುದು, ಹಳೆಯದು ಯಾವುದು ಎಂಬುದನ್ನು ಗುರುತಿಸುವುದು ಕಷ್ಟವಲ್ಲ. ಅಲೆಗೆ ಅಡ್ಡವಾಗಿ ಹಾಕಿರುವ ಕಲ್ಲುಗುಂಡುಗಳು ಕತೆಯ ಉಳಿದ ಭಾಗವನ್ನು ಹೇಳುತ್ತವೆ.

ಆ ಶಾಸನದಲ್ಲಿ ಊರಿನ ಹೆಸರು ಸಡಂಗನ್‌ಪಾಡಿ ಎಂದಿದೆ. ತರಂಗಂಬಾಡಿಯೆಂದರೆ ‘ಅಲೆಗಳು ಹಾಡುವ ಊರು’ ಎಂದು ಪ್ರವಾಸಿಗರಿಗೆ ಕೊಡುವ ಕೈಪಿಡಿಗಳೆಲ್ಲ ಹೇಳುತ್ತವೆ. ಮಾತು ಚೆನ್ನಾಗಿದೆ. ಆದರೆ ‘ಪಾಡಿ’ ಎಂದರೆ ಜನವಸತಿ. ನಮ್ಮಲ್ಲಿಯೂ ಹಾಡಿ, ಪಾಡಿಗಳಿವೆ. ಕನ್ನಂಬಾಡಿಯ ಹೆಸರು ಕೇಳಿ ಬೆಳೆದವರಿಗೆ ಈ ಧ್ವನಿ ಹೊಸದೇನೂ ಅಲ್ಲ. ಹಾಡುವ ಅಲೆಗಳು ಆಮೇಲೆ ಸೇರಿಕೊಂಡವೆಂದು ನನಗೆ ತೋರುತ್ತದೆ.

ದೇವಾಲಯದಿಂದ ದಡದ ಉದ್ದಕ್ಕೆ ಸ್ವಲ್ಪ ದೂರ ನಡೆದರೆ ಡ್ಯಾನ್ಸ್‌ಬೋರ್ಗ್ ಕೋಟೆ. ಇಲ್ಲಿಗೆ ಡೇನರು ಬಂದ ವೃತ್ತಾಂತ ವಿನೋದವಾದದ್ದು. ೧೬೧೮ರಲ್ಲಿ ಓವೆ ಗೆಡ್ಡೆ ಎಂಬ ಇಪ್ಪತ್ತನಾಲ್ಕು ವರ್ಷದ ಯುವಕನನ್ನು ನಾಯಕನಾಗಿ ಮಾಡಿ ಅವರ ಹಡಗುಗಳು ಹೊರಟದ್ದು ಸಿಂಹಳಕ್ಕೆ. ಅಲ್ಲಿ ಕೆಲಸ ಕೈಗೂಡಲಿಲ್ಲ. ಮುಂದಾಗಿ ಬಂದಿದ್ದ ಒಂದು ಹಡಗನ್ನು ಪೋರ್ಚುಗೀಸರು ಈ ಕರಾವಳಿಯಲ್ಲಿ ಹಾಳುಮಾಡಿದರು. ಅದರಲ್ಲಿದ್ದ ರೋಲಂಡ್ ಕ್ರಾಪೆ ಎಂಬ ಡಚ್ ವ್ಯಾಪಾರಿ ಹೇಗೋ ತಪ್ಪಿಸಿಕೊಂಡು ತಂಜಾವೂರಿನ ರಘುನಾಥ ನಾಯಕನ ಆಸ್ಥಾನವನ್ನು ಸೇರಿದನು. ಆ ದೊರೆಗೆ ಪೋರ್ಚುಗೀಸರಲ್ಲದ ಇನ್ನೊಬ್ಬ ವ್ಯಾಪಾರಿ ಬೇಕಾಗಿದ್ದಿರಬೇಕು. ೧೬೨೦ರ ನವೆಂಬರಿನಲ್ಲಿ ಒಪ್ಪಂದವಾಯಿತು. ನಾಯಕನು ಡೆನ್ಮಾರ್ಕಿನ ನಾಲ್ಕನೆಯ ಕ್ರಿಶ್ಚಿಯನ್ ದೊರೆಗೆ ತಮಿಳಿನಲ್ಲಿ ಕಳುಹಿಸಿದ ಚಿನ್ನದ ಓಲೆಯನ್ನು ಕೋಪನ್‌ಹೇಗನ್ನಿನಲ್ಲಿ ಇಂದಿಗೂ ಜೋಪಾನವಾಗಿಟ್ಟಿದ್ದಾರೆ. ಗೆದ್ದುಕೊಂಡ ನೆಲವಲ್ಲ ಇದು, ಕಪ್ಪ ಒಪ್ಪಿಕೊಂಡು ಪಡೆದ ನೆಲ. ಕೋಟೆಯ ಕೆಳ ಅಂತಸ್ತನ್ನು ನೋಡಿದರೆ ಇದು ಮನದಟ್ಟಾಗುತ್ತದೆ. ಕೆಳಗೆ ಉಗ್ರಾಣಗಳು, ಮೇಲೆ ಅಧಿಕಾರಿಯ ವಸತಿ. ಮಳಿಗೆಯ ಮೇಲೆ ಮನೆ ಕಟ್ಟಿಕೊಂಡ ಶೆಟ್ಟರ ಅಂಗಡಿಯನ್ನು ನಮ್ಮ ಪೇಟೆಬೀದಿಗಳಲ್ಲಿ ಯಾರು ನೋಡಿಲ್ಲ? ಆ ಅಂಗಡಿಗೆ ಗೋಡೆ ಸ್ವಲ್ಪ ದಪ್ಪ, ಬಾಗಿಲಲ್ಲಿ ಫಿರಂಗಿ, ಅಷ್ಟೆ. ಮಾರಿದ್ದು ಮೆಣಸು, ಬಟ್ಟೆಗಳನ್ನು ಮಾತ್ರವಲ್ಲ. ಹದಿನೇಳನೆಯ ಶತಮಾನದಲ್ಲಿ ಇಲ್ಲಿಂದ ಮನುಷ್ಯರನ್ನೂ ಗುಲಾಮರನ್ನಾಗಿ ಹಡಗು ಹತ್ತಿಸಿದ್ದಾರೆ. ಸುಣ್ಣ ಬಳಿದ ಚೊಕ್ಕ ಗೋಡೆಗಳ ನಡುವೆ ನಿಂತಾಗ ಇದನ್ನು ಮರೆಯಕೂಡದು.

ಈ ಕೋಟೆಯಲ್ಲಿ ನಡೆದ ಸಂಗತಿಗಳಲ್ಲಿ ನನಗೆ ಬಹಳ ಪ್ರಿಯವಾದದ್ದು ಒಂದಿದೆ. ೧೬೪೩ರ ತರುವಾಯ ೧೬೬೯ರವರೆಗೆ, ಡೆನ್ಮಾರ್ಕಿನಿಂದ ಒಂದು ಹಡಗೂ ಬರಲಿಲ್ಲ. ಅಲ್ಲಿ ಯುದ್ಧ, ದಾರಿದ್ರ್ಯ, ಇಲ್ಲಿಯವರನ್ನು ಕೇಳುವವರಿಲ್ಲ. ಇಲ್ಲಿದ್ದ ಡೇನರು ಒಬ್ಬೊಬ್ಬರಾಗಿ ಸತ್ತರು, ಇಲ್ಲವೆ ಬಿಟ್ಟುಹೋದರು. ಕೊನೆಗೆ ಉಳಿದವನು ಎಸ್ಕಿಲ್ ಆಂಡರ್ಸನ್ ಕಾಂಗ್ಸ್‌ಬಾಕೆ ಎಂಬ ಒಬ್ಬ ಸಿಪಾಯಿ. ಓದುಬರಹ ಅರಿಯದವನು. ಅವನು ಊರವರನ್ನೇ ಜೊತೆಗಿಟ್ಟುಕೊಂಡು, ಸುತ್ತ ಗೋಡೆಯೆಬ್ಬಿಸಿ, ತಂಜಾವೂರಿನ ದಂಡನ್ನು ತಡೆದು, ತನ್ನ ದೊರೆಯ ಬಾವುಟವನ್ನು ಇಳಿಸದೆ ವರ್ಷಗಟ್ಟಲೆ ಕಾದನು. ೧೬೬೯ರಲ್ಲಿ ಹಡಗು ಬಂತು. ಡೆನ್ಮಾರ್ಕಿನವರು ಇದನ್ನು ಅವನ ಸ್ವಾಮಿನಿಷ್ಠೆಯೆಂದು ಕೊಂಡಾಡುತ್ತಾರೆ. ಸರಿಯೇ. ಆದರೆ ಒಬ್ಬ ಪರದೇಶಿ ಸಿಪಾಯಿಗೆ ಅಷ್ಟು ವರ್ಷ ಅನ್ನವಿಕ್ಕಿ, ಅವನ ಗೋಡೆಗೆ ಮಣ್ಣು ಹೊತ್ತವರು ಯಾರು? ಅವರ ಹೆಸರಿನ ಫಲಕ ಕೋಟೆಯಲ್ಲಿ ನನಗೆ ಕಾಣಲಿಲ್ಲ.

ಕೋಟೆಯಿಂದ ಹೊರಬಿದ್ದು ಮೈದಾನವನ್ನು ದಾಟಿದರೆ, ೧೭೮೪ರಲ್ಲಿ ಗವರ್ನರರ ವಾಸಕ್ಕೆ ಬಂದ, ಸಾಲುಕಂಬಗಳ ಬಂಗಲೆ. ಅಲ್ಲಿಂದ ರಾಜಬೀದಿಯಲ್ಲಿ ಹಿಂದಿರುಗುತ್ತ ಎರಡು ಚರ್ಚುಗಳನ್ನು ನೋಡಬಹುದು. ೧೭೦೧ರ ಸಿಯೋನ್ ಚರ್ಚು ಡೇನರಿಗಾಗಿ ಕಟ್ಟಿದ್ದು. ೧೭೧೮ರ ಹೊಸ ಜೆರುಸಲೇಮ್ ಚರ್ಚು ಊರಿನ ಕ್ರೈಸ್ತರಿಗಾಗಿ ಕಟ್ಟಿದ್ದು. ಎರಡನೆಯದರಲ್ಲಿ ಬಾರ್ತಲೋಮಿಯಸ್ ಸೀಗನ್‌ಬಾಲ್ಗ್ ಎಂಬ ಜರ್ಮನ್ ಪಾದ್ರಿಯ ಸಮಾಧಿಯಿದೆ. ಇಲ್ಲಿ ಕುಳಿತುಕೊಳ್ಳಿ. ಮಧ್ಯಾಹ್ನದ ಬಿಸಿಲಿಗೆ ತಂಪು. ಜೊತೆಗೆ, ಈ ಮನುಷ್ಯನ ವಿಚಾರವಾಗಿ ಸ್ವಲ್ಪ ಹೊತ್ತು ಯೋಚಿಸುವುದು ನ್ಯಾಯ.

ಅವನು ೧೭೦೬ರ ಜುಲೈಯಲ್ಲಿ ಬಂದನು. ಇಲ್ಲಿಯ ಮಕ್ಕಳ ಪಕ್ಕದಲ್ಲಿ ಕುಳಿತು ಮರಳಿನ ಮೇಲೆ ತಮಿಳಕ್ಷರ ತಿದ್ದಿದನು. ತನ್ನವರೇ ಆದ ಕೋಟೆಯ ಅಧಿಕಾರಿಗಳು ಅವನನ್ನು ನಾಲ್ಕು ತಿಂಗಳು ಸೆರೆಯಲ್ಲಿಟ್ಟರು. ೧೭೧೨ರ ಸುಮಾರಿಗೆ ಅಚ್ಚಿನ ಯಂತ್ರ ಬಂತು, ಜರ್ಮನಿಯ ಹಾಲೆಯಿಂದ ತಮಿಳು ಮೊಳೆಗಳು ಬಂದವು. ಆ ಮೊಳೆಗಳು ದಪ್ಪವಾಗಿ, ಕಾಗದವೆಲ್ಲ ಮುಗಿದುಹೋಗುವಂತಾದಾಗ, ಗಿಣ್ಣಿನ ಡಬ್ಬಿಗಳಿಗೆ ಹಾಕಿದ್ದ ಸೀಸವನ್ನು ಕರಗಿಸಿ ಇಲ್ಲಿಯೇ ಸಣ್ಣ ಮೊಳೆಗಳನ್ನು ಎರಕಹೊಯ್ದರೆಂದು ಹೇಳುತ್ತಾರೆ. ೧೭೧೫ರ ಹೊತ್ತಿಗೆ ತಮಿಳಿನ ಹೊಸ ಒಡಂಬಡಿಕೆ ಅಚ್ಚಾಗಿ ಮುಗಿಯಿತು. ಮತಪ್ರಚಾರಕ್ಕೆ ಬಂದವನು ಈ ನಾಡಿನ ದೇವತೆಗಳ ವಿಚಾರವಾಗಿಯೂ ದೊಡ್ಡದೊಂದು ಗ್ರಂಥ ಬರೆದು ೧೭೧೩ರಲ್ಲಿ ಹಾಲೆಗೆ ಕಳುಹಿಸಿದನು. ಅವನ ಹಿರಿಯರು ಅದನ್ನು ಮೂಲೆಗಿಟ್ಟರು. ಅದು ಅಚ್ಚಾದದ್ದು ೧೮೬೭ರಲ್ಲಿ, ಮದರಾಸಿನಲ್ಲಿ! ೧೭೧೯ರಲ್ಲಿ ಮೂವತ್ತಾರನೆಯ ವಯಸ್ಸಿಗೆ ಅವನು ತೀರಿಕೊಂಡನು. ಅವನ ಮತ ನಮ್ಮದಲ್ಲದಿರಬಹುದು. ಆದರೂ ಎರಡು ಕಡೆಯಿಂದಲೂ ಪೆಟ್ಟು ತಿಂದ ವಿದ್ವಾಂಸನೊಬ್ಬನ ಸಮಾಧಿಯ ಮುಂದೆ ಸ್ವಲ್ಪ ಹೊತ್ತು ಮೌನವಾಗಿರುವುದರಲ್ಲಿ ನಷ್ಟವೇನೂ ಇಲ್ಲ.

ನಮಗೂ ಈ ಊರಿಗೂ ಸಂಬಂಧವಿಲ್ಲವೆಂದು ತಿಳಿಯಬಾರದು. ವಿಲಿಯಂ ಕೇರಿಯ ಕನ್ನಡ ವ್ಯಾಕರಣ ೧೮೧೭ರಲ್ಲಿ ಅಚ್ಚಾದದ್ದು ಬಂಗಾಳದ ಸೆರಾಂಪುರದಲ್ಲಿ. ಅದೂ ಆಗ ಡೇನರ ಊರೇ. ೧೭೫೦ರಲ್ಲಿ ತರಂಗಂಬಾಡಿಗೆ ಬಂದಿಳಿದ ಷ್ವಾರ್ಟ್ಸ್ ಎಂಬ ಪಾದ್ರಿಯನ್ನು ೧೭೭೯ರಲ್ಲಿ ಮದರಾಸಿನ ಇಂಗ್ಲಿಷರು ಶ್ರೀರಂಗಪಟ್ಟಣಕ್ಕೆ ಹೈದರಾಲಿಯ ಬಳಿಗೆ ರಾಯಭಾರ ಕಳುಹಿಸಿದರು. ಹೈದರನು ಆ ಪಾದ್ರಿಯನ್ನು ಗೌರವದಿಂದ ಕಂಡನು, ಆದರೆ ಕಳುಹಿಸಿದವರನ್ನು ನಂಬಲಿಲ್ಲ. ಮರುವರ್ಷವೇ ಯುದ್ಧವಾಯಿತು.

ಊಟವಾಗಿ ವಿಶ್ರಾಂತಿಯಾದ ಮೇಲೆ, ಉಳಿದ ಎರಡು ಗಂಟೆಗಳನ್ನು ಮೀನುಗಾರರ ಕೇರಿಗೆ ಮೀಸಲಿಡಿ. ಎರಡನೆಯ ಸಲ ನಾನು ಆ ಕಡೆಗೆ ತಿರುಗಿದಾಗ, ಬಲೆಯ ಪಕ್ಕದಲ್ಲಿ ಕುಳಿತಿದ್ದ ಒಬ್ಬ ಮುದುಕಿ ನನ್ನ ವೇಷವನ್ನು ನೋಡಿ, ದಾರಿ ತಪ್ಪಿದವನೆಂದು ತಿಳಿದು, ಕೋಟೆ ಇರುವುದು ಆ ಕಡೆ ಎಂದು ಕೈ ತೋರಿಸಿದಳು. ಹೊರಗಿನವರು ಈ ಕೇರಿಗೆ ಬರಲು ಕಾರಣವಿದೆಯೆಂದು ಆಕೆಗೆ ತೋರಿರಲಿಲ್ಲ. ತಪ್ಪು ಆಕೆಯದಲ್ಲ.

೨೦೦೪ರ ಡಿಸೆಂಬರ್ ೨೬ರ ಬೆಳಿಗ್ಗೆ ಸಮುದ್ರ ಎದ್ದು ಬಂದಾಗ ಕೋಟೆ ನಿಂತಿತು; ದಡದ ಗುಡಿಸಲುಗಳು ನಿಲ್ಲಲಿಲ್ಲ. ಆಗಿನ ನಾಗಪಟ್ಟಣ ಜಿಲ್ಲೆಯಷ್ಟು ಸಾವು ತಮಿಳುನಾಡಿನ ಬೇರೆ ಯಾವ ಜಿಲ್ಲೆಯಲ್ಲಿಯೂ ಆಗಲಿಲ್ಲ, ತರಂಗಂಬಾಡಿ ಆಗ ಆ ಜಿಲ್ಲೆಯಲ್ಲಿತ್ತು. ತರುವಾಯ ಮೀನುಗಾರರಿಗೆ ದಡದಿಂದ ಒಳಗೆ ಹೊಸ ಮನೆಗಳನ್ನು ಕಟ್ಟಿಕೊಟ್ಟರು. ದೇಶವಿದೇಶಗಳ ಹಣದಿಂದ ಹಳೆಯ ಬಂಗಲೆಗಳಿಗೂ ಬೀದಿಗಳಿಗೂ ಜೀರ್ಣೋದ್ಧಾರವಾಯಿತು. ಎರಡೂ ಒಳ್ಳೆಯ ಕೆಲಸಗಳೇ, ನಾನು ಆಕ್ಷೇಪಿಸುವವನಲ್ಲ. ಆದರೆ ಮನೆ ಒಳನಾಡಿಗೆ ಹೋದರೂ ದೋಣಿ ದಡದಲ್ಲಿಯೇ ಇರಬೇಕಷ್ಟೆ. ಸಮುದ್ರವನ್ನು ನೋಡಿ ಗಾಳಿಯ ಲೆಕ್ಕ ಹಾಕುವವನಿಗೆ ಸಮುದ್ರ ಕಾಣದ ಮನೆ ಎಂತಹುದು? ಬೀದಿಯ ಅಂದಕ್ಕೆ ಬಲೆ ಒಣಗಿಸುವುದು ಅಡ್ಡಿಯೋ, ಬಲೆ ಒಣಗಿಸುವ ಜಾಗಕ್ಕೆ ಬೀದಿಯ ಅಂದ ಅಡ್ಡಿಯೋ? ಒಂದು ಹಗಲು ಇದ್ದು ಹೋಗುವ ನಾವು ತೀರ್ಪು ಕೊಡಲಾರೆವು. ಆದರೆ ನಮ್ಮಂಥವರು ಬಂದು ಹೋಗುವುದಕ್ಕಾಗಿಯೇ ಬೀದಿಯನ್ನು ಚೊಕ್ಕ ಮಾಡುತ್ತಾರಾದ್ದರಿಂದ, ಪ್ರಶ್ನೆ ನಮ್ಮದಲ್ಲವೆನ್ನುವ ಹಾಗೂ ಇಲ್ಲ. ಕೇಳದೆ ಯಾರ ಚಿತ್ರವನ್ನೂ ತೆಗೆಯಬೇಡಿ. ನಾನು ಮೊದಲ ಸಲ ತೆಗೆದು ಬೈಸಿಕೊಂಡಿದ್ದೇನೆ. ಕೊಳ್ಳುವುದಿದ್ದರೆ ಏನನ್ನಾದರೂ ಈ ಕೇರಿಯಲ್ಲಿಯೇ ಕೊಳ್ಳಿ.

ಡೇನರು ೧೮೪೫ರಲ್ಲಿ ಈ ಊರನ್ನೂ ಸೆರಾಂಪುರವನ್ನೂ ಸೇರಿಸಿ ಹನ್ನೆರಡೂವರೆ ಲಕ್ಷ ರೂಪಾಯಿಗಳಿಗೆ ಇಂಗ್ಲಿಷರ ಕಂಪೆನಿಗೆ ಮಾರಿಬಿಟ್ಟರು. ಅಂಗಡಿ ನಡೆಯದಿದ್ದರೆ ಮಾರುವುದು ಸಹಜವೇ. ಸ್ವಲ್ಪ ಕಾಲದಲ್ಲಿಯೇ ರೈಲುದಾರಿ ನಾಗಪಟ್ಟಣಕ್ಕೆ ಬಂತು, ವ್ಯಾಪಾರ ಅಲ್ಲಿಗೆ ಹೋಯಿತು. ಊರು ಹೀಗೆ ಸಣ್ಣದಾಗಿ ಉಳಿದದ್ದರಿಂದಲೇ ನಮಗೆ ನೋಡಲು ಸಿಕ್ಕಿತು.

ಮೂರೂವರೆಗೆ ಹೊರಡುವ ಸಿದ್ಧತೆಯಾಗಲಿ. ಸ್ನಾನಕ್ಕೆಂದು ಸಮುದ್ರಕ್ಕೆ ಇಳಿಯಬಾರದು, ಅಲ್ಲಿಯ ಸೆಳೆತ ಮೋಸದ್ದು. ಬಸ್ಸು ತಪ್ಪಿದರೂ ಇನ್ನೊಂದು ಸಿಕ್ಕುವಷ್ಟು ಬಿಡುವಿಟ್ಟುಕೊಂಡು ಮಯಿಲಾಡುತುರೈಯನ್ನು ಸೇರಿ. ರೈಲುಗಳ ವೇಳೆ ಆಗಾಗ ಬದಲಾಗುವುದರಿಂದ ಬೆಳಿಗ್ಗೆ ಇಳಿದಾಗಲೇ ನಿಲ್ದಾಣದಲ್ಲಿ ಸಂಜೆಯ ವೇಳೆಯನ್ನು ಕೇಳಿಟ್ಟುಕೊಂಡಿರತಕ್ಕದ್ದು. ರಾತ್ರಿಯ ಊಟವನ್ನು ಕಟ್ಟಿಸಿಕೊಂಡು ಹತ್ತಿದರೆ ಕುಂಭಕೋಣ ಬರುವಷ್ಟರಲ್ಲಿ ಉಂಡು ಮಲಗಬಹುದು. ಬೆಳಕು ಹರಿಯುವ ಹೊತ್ತಿಗೆ ನಮ್ಮ ಸೀಮೆಗೆ ಬಂದಿರುತ್ತೀರಿ. ಶ್ರೀರಂಗಪಟ್ಟಣದಲ್ಲಿ ಸೇತುವೆಯ ಕೆಳಗೆ ಅದೇ ಕಾವೇರಿ.