ತಿಳಿದೂ ಮಾಡದಿರುವುದೇಕೆ?

ಹೊಗೆಸೊಪ್ಪು ಕೆಟ್ಟದ್ದು, ನಡಿಗೆ ಒಳ್ಳೆಯದು, ಉಪ್ಪು ದಿನಕ್ಕೆ 5 ಗ್ರಾಮಿನೊಳಗಿರಬೇಕು – ಇವನ್ನು ಅರಿಯದ ಮನೆ ಯಾವುದಿದೆ? ಅರಿತಂತೆ ನಡೆಯುವ ಮನೆಗಳಾದರೂ ಎಷ್ಟಿವೆ? ಈ ಅಂತರವೇ ಇಂದಿನ ವಿಷಯ.

1950ರ ದಶಕದಲ್ಲಿ ಅಮೆರಿಕದಲ್ಲಿ ಕ್ಷಯದ ಪರೀಕ್ಷೆಗೆಂದು ಎಕ್ಸ್-ರೇ ವಾಹನಗಳು ಬೀದಿಗೇ ಬಂದು ನಿಂತವು. ಕಾಸು ಕೇಳದಿದ್ದರೂ ಅನೇಕರು ಹತ್ತಿರ ಸುಳಿಯಲಿಲ್ಲ. ಹಾಕ್‌ಬಾಮ್ ಎಂಬ ಮನಶ್ಶಾಸ್ತ್ರಜ್ಞರು ಕಾರಣ ಹುಡುಕಿದರು. ಬಂದವರಲ್ಲಿ ಹೆಚ್ಚಾಗಿ ಕಂಡದ್ದು ಎರಡು ನಂಬಿಕೆಗಳು: ಈ ರೋಗ ನನಗೂ ತಗಲಬಹುದು, ಮೊದಲೇ ಗೊತ್ತಾದರೆ ಪ್ರಯೋಜನವುಂಟು.

ನಮ್ಮ ನೆರೆಯನ್ನೇ ನೋಡಿ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವುದು ಉಣುಗು. ತರಗೆಲೆಗೆಂದು ಕಾಡು ಹೊಗುವವರು ಕೈಕಾಲಿಗೆ ಉಣುಗು ಕಚ್ಚದಂತೆ ತೈಲ ಬಳಿದುಕೊಳ್ಳಬೇಕೆಂಬುದು ಆರೋಗ್ಯ ಇಲಾಖೆಯ ಸಲಹೆ. “ಇಷ್ಟು ವರ್ಷ ಹೋಗಿಬಂದಿದ್ದೇನೆ, ನನಗೇನಾದೀತು?” ಎನ್ನುವವರ ಮನೆಯಲ್ಲಿ ಸೀಸೆ ಗೂಡಿನಲ್ಲೇ ಉಳಿಯುತ್ತದೆ.

ಹಾಗಾದರೆ ಹೆದರಿಸಿದರೆ ಸಾಕೇ? ಸಾಲದು. ಯೇಲ್ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಭೀಕರತೆಯನ್ನು ತಿಳಿಸಿ, ಚುಚ್ಚುಮದ್ದು ಹಾಕಿಸಿಕೊಳ್ಳಲು ಹೇಳಿದ ಪ್ರಯೋಗದ ವರದಿ 1965ರಲ್ಲಿ ಪ್ರಕಟವಾಯಿತು. ಹೋದವರು ನೂರಕ್ಕೆ ಸುಮಾರು 3 ಮಂದಿ. ದವಾಖಾನೆಯ ನಕ್ಷೆ ಕೊಟ್ಟು, ಯಾವ ಹೊತ್ತಿಗೆ ಹೋಗುವಿರೆಂದು ಯೋಚಿಸಿಕೊಳ್ಳಹೇಳಿದ ಗುಂಪಿನಲ್ಲಾದರೋ ಸುಮಾರು 28 ಮಂದಿ! ಹೆದರಿಕೆ ಮನಸ್ಸನ್ನು ಕದಲಿಸಿತು. ಕಾಲನ್ನು ಕದಲಿಸಿದ್ದು ಗೊತ್ತುಮಾಡಿದ ಹೊತ್ತು.

ಹೆಮ್ಮಾಡಿಯ ಸೇವಂತಿಗೆ ಬೆಳೆಗಾರರಿಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ಮಕರ ಸಂಕ್ರಮಣಕ್ಕೆ ಮಾರಣಕಟ್ಟೆ ಜಾತ್ರೆಯಲ್ಲಿ ಹೂವು ಬೇಕೆಂದರೆ ತಿಂಗಳುಗಳ ಮುಂಚೆಯೇ ಸಸಿ ನೆಡಬೇಕು. ‘ಎಂದಾದರೂ ನೆಟ್ಟೇನು’ ಎಂದರೆ ಜಾತ್ರೆ ಕಾಯುವುದಿಲ್ಲ. ಆರೋಗ್ಯಕ್ಕೂ ಹಾಗೆಯೇ ಹೊತ್ತು ಗೊತ್ತುಮಾಡಿ. ‘ನಾಳೆಯಿಂದ ನಡೆಯುವೆ’ ಎನ್ನದೆ, ‘ಸಂಜೆ ಚಹಾ ಕುಡಿದೊಡನೆ ದೇವಸ್ಥಾನದವರೆಗೆ’ ಎನ್ನಿ.

ಮೂರನೆಯದು, ‘ಇದು ನನ್ನ ಕೈಲಾಗುತ್ತದೆ’ ಎಂಬ ಧೈರ್ಯ. ಇದರ ಬಲವನ್ನು ಬಂಡೂರ ಎಂಬ ವಿದ್ವಾಂಸರು 1977ರಲ್ಲಿ ವಿವರಿಸಿದರು. ಚಿಕ್ಕ ಗೆಲುವುಗಳಿಂದಲೇ ಅದು ಬೆಳೆಯುತ್ತದೆ. ಆದಕಾರಣ ಉಪ್ಪಿನಕಾಯಿ ಭರಣಿಯನ್ನೇ ಬಚ್ಚಿಡುವುದು ಬೇಡ. ಮೊದಲು ಎರಡು ಹೋಳನ್ನು ಒಂದಾಗಿಸಿ.

ತಾಳ್ಮೆಯೂ ಬೇಕು. ಲಂಡನ್ನಿನಲ್ಲಿ 96 ಮಂದಿಯನ್ನು ಗಮನಿಸಿದ ಅಧ್ಯಯನದಲ್ಲಿ ಹೊಸ ಅಭ್ಯಾಸ ಬೇರೂರಲು ಸಾಮಾನ್ಯವಾಗಿ 66 ದಿನ ಹಿಡಿಯಿತು. ನಡುವೆ ಒಂದು ದಿನ ತಪ್ಪಿದ್ದರಿಂದ ಕೆಲಸವೇನೂ ಕೆಡಲಿಲ್ಲ.

ಮನೆಯ ಹಿರಿಯರು ರಕ್ತದೊತ್ತಡದ ಗುಳಿಗೆ ಮರೆತರೆ ಗದರಬೇಡಿ. “ಯಾವ ಹೊತ್ತಿಗೆ ತೆಗೆದುಕೊಂಡರೆ ನಿಮಗೆ ಅನುಕೂಲ?” ಎಂದು ಕೇಳಿ. ಬುದ್ಧಿವಾದಕ್ಕಿಂತ ಆ ಪ್ರಶ್ನೆಯಿಂದ ಹೆಚ್ಚು ಉಪಕಾರವಾದೀತು.